ಆರು ತಿಂಗಳು ಮುಟ್ಟದಿದ್ದರೂ ನಿಲ್ಲುವ ಜಾಲತಾಣ

ಪ್ರಶ್ನೆ: ನಾನು ಚಿತ್ರದುರ್ಗದವಳು. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ವೆಬ್ ಡೆವಲಪರ್ ಆಗಿ ದುಡಿಯುತ್ತಿದ್ದೇನೆ. ನನ್ನ ತಂದೆ ನಿವೃತ್ತ ಶಿಕ್ಷಕರು. ಕೋಟೆ, ಚಂದ್ರವಳ್ಳಿ, ಸುತ್ತಲಿನ ಕೆರೆಗಳ ಬಗ್ಗೆ ಅವರು ಬರೆದ ಲೇಖನಗಳು ನುಡಿ ತಂತ್ರಾಂಶದಲ್ಲಿ ಟೈಪ್ ಆಗಿ ಹಳೆಯ ಸಿ.ಡಿ.ಗಳಲ್ಲಿವೆ. ಅವುಗಳ ಜೊತೆಗೆ ನನ್ನ ಬರಹಗಳನ್ನೂ ಸೇರಿಸಿ ಸ್ವಂತ ಜಾಲತಾಣ ಮಾಡುವ ಆಸೆ. ಹಿಂದೆಯೂ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದೇನೆ. ದಿನವಿಡೀ ಬೇರೆಯವರ ತಾಣ ಕಟ್ಟಿ ಸಂಜೆ ಮತ್ತೆ ಅದೇ ಲ್ಯಾಪ್‌ಟಾಪ್ ತೆರೆಯಲು ಮನಸ್ಸಾಗುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಇರುವಾಗ ಇದೆಲ್ಲ ಏಕೆ ಎಂದು ಸ್ನೇಹಿತರು ಕೇಳುತ್ತಾರೆ. ಸ್ವಂತ ತಾಣ ನಿಜವಾಗಿ ಬೇಕೆ? ಖರ್ಚೆಷ್ಟು? ಕನ್ನಡ ಸರಿಯಾಗಿ ಕಾಣುತ್ತದೆಯೇ? ಕಂಪನಿ ಆಕ್ಷೇಪಿಸಬಹುದೇ?

ಉತ್ತರ: ಬೇಕು. ನಿಮ್ಮ ತಂದೆಯವರ ಲೇಖನಗಳ ವಿಷಯ ಓದಿದ ಮೇಲಂತೂ ಈ ಬಗ್ಗೆ ನನಗೆ ಎರಡನೆಯ ಮಾತಿಲ್ಲ. ಆದರೆ ಹಿಂದೆ ಅರ್ಧಕ್ಕೆ ನಿಂತದ್ದು ಸೋಮಾರಿತನದಿಂದ ಎಂದು ನಿಮ್ಮನ್ನು ನೀವೇ ದೂರಿಕೊಳ್ಳುತ್ತಿದ್ದರೆ ಅದನ್ನು ಮೊದಲು ಬಿಡಿ. ಈ ವೃತ್ತಿಯಲ್ಲಿರುವ ಬಹುತೇಕರ ಸ್ವಂತ ತಾಣಗಳು ನಿಂತುಹೋಗುವುದು ಒಂದೇ ಕಾರಣಕ್ಕೆ: ಕಚೇರಿಯ ಸಲಕರಣೆಯನ್ನೆಲ್ಲ ಮನೆಗೆ ಹೊತ್ತು ತರುತ್ತೇವೆ. ಹತ್ತು ಜನರ ತಂಡ ನೋಡಿಕೊಳ್ಳುವ ಫ್ರೇಮ್‌ವರ್ಕ್, ಡೇಟಾಬೇಸ್, ಲಾಗಿನ್ ಪುಟ ಎಲ್ಲವನ್ನೂ ಮನೆಯ ತಾಣಕ್ಕೂ ಹೂಡುತ್ತೇವೆ. ಮೊದಲ ಲೇಖನ ಹಾಕುವ ಹೊತ್ತಿಗೆ ಅವುಗಳಲ್ಲಿ ಅರ್ಧ ಹಳೆಯದಾಗಿರುತ್ತದೆ. ಆಮೇಲೆ ಬಿಡುವು ಸಿಕ್ಕಾಗಲೆಲ್ಲ ಅಪ್‌ಡೇಟ್ ಮಾಡುವುದೇ ಕೆಲಸವಾಗುತ್ತದೆ, ಬರೆಯುವುದು ಆಗುವುದಿಲ್ಲ.

ನೀವು ಕಟ್ಟಬೇಕಾದದ್ದು ಆರು ತಿಂಗಳು ತಿರುಗಿ ನೋಡದಿದ್ದರೂ ನಿಂತಿರುವ ತಾಣ. ನಿತ್ಯ ನೀರು ಬೇಡುವ ಕುಂಡದ ಗಿಡವಲ್ಲ, ನಿಮ್ಮ ಬಯಲುಸೀಮೆಯ ಬೇವಿನ ಮರ. ಮುಂದಿನ ಪ್ರತಿಯೊಂದು ತೀರ್ಮಾನವನ್ನೂ ಈ ಒಂದು ಪ್ರಶ್ನೆಯಿಂದ ಅಳೆಯಿರಿ: ಕಚೇರಿಯಲ್ಲಿ ಕೆಲಸ ಮೈಮೇಲೆ ಬಿದ್ದು ನಾನು ಇತ್ತ ತಲೆ ಹಾಕದೆ ಹೋದರೆ ಇದು ಉಳಿಯುತ್ತದೆಯೇ?

ಸ್ನೇಹಿತರ ಮಾತಿಗೆ ಬರೋಣ. ಫೇಸ್‌ಬುಕ್ಕಿನಲ್ಲಿ ಬರೆಯಬೇಡಿ ಎಂದು ನಾನು ಹೇಳುವುದಿಲ್ಲ. ಓದುಗರು ಅಲ್ಲಿದ್ದಾರೆ, ಕೊಂಡಿ ಹಂಚಲು ಅದು ಒಳ್ಳೆಯ ಜಾಗ. ಆದರೆ ಮೂಲಪ್ರತಿ ಅಲ್ಲಿರಬಾರದು. ಜನರ ಸ್ವಂತ ಪುಟಗಳಿಗೆ ಉಚಿತ ಜಾಗ ಕೊಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ನಮ್ಮ ತಲೆಮಾರಿನ ಎಷ್ಟೋ ಜನ ಮೊದಲ ಬಾರಿಗೆ ಕನ್ನಡದಲ್ಲಿ ಹರಟಿದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಹೋಯಿತು. ಗೂಗಲ್ ಪ್ಲಸ್ 2019ರಲ್ಲಿ ಹೋಯಿತು. ಟಿಕ್‌ಟಾಕ್ ಅಂತೂ 2020ರ ಜೂನ್ ಕೊನೆಯಲ್ಲಿ ಸರ್ಕಾರದ ಒಂದು ಆದೇಶದಿಂದ ಹಳ್ಳಿಹಳ್ಳಿಯ ಕಲಾವಿದರ ಕೈತಪ್ಪಿತು. ಇವು ಯಾವುವೂ ಸಣ್ಣ ಸಂಸ್ಥೆಗಳಾಗಿರಲಿಲ್ಲ. ಮುಚ್ಚದೆ ಉಳಿದಿರುವ ತಾಣಗಳಲ್ಲೂ ಮೂರು ವರ್ಷದ ಹಿಂದಿನ ಬರಹವನ್ನು ಹುಡುಕಿ ತೆಗೆಯುವುದು ಎಷ್ಟು ಕಷ್ಟ ಎಂಬುದು ನಿಮಗೆ ಗೊತ್ತಿದೆ. ತಂದೆಯವರು ಕೆರೆಗಳ ಬಗ್ಗೆ ಬರೆದದ್ದನ್ನು ಹಿರಿಯೂರಿನ ವಿದ್ಯಾರ್ಥಿಯೊಬ್ಬ ಹತ್ತು ವರ್ಷದ ನಂತರ ಹುಡುಕಿದರೂ ಅದು ಅದೇ ವಿಳಾಸದಲ್ಲಿ ಸಿಗಬೇಕು. ಆ ಭರವಸೆಯನ್ನು ಕೊಡಲು ಸಾಧ್ಯವಿರುವುದು ವಿಳಾಸ ನಿಮ್ಮ ಕೈಯಲ್ಲಿದ್ದಾಗ ಮಾತ್ರ.

ಹಾಗಾಗಿ ಖರ್ಚು ಮಾಡಬೇಕಾದ ಒಂದೇ ಒಂದು ವಸ್ತು ಡೊಮೇನ್, ಅಂದರೆ ತಾಣದ ವಿಳಾಸದ ಹೆಸರು. ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಇಟ್ಟುಕೊಳ್ಳಿ. ಮೊದಲ ವರ್ಷ ತೊಂಬತ್ತೊಂಬತ್ತು ರೂಪಾಯಿ ಎಂಬಂಥ ಜಾಹೀರಾತು ನೋಡಿ ಮರುಳಾಗಬೇಡಿ. ಎರಡನೆಯ ವರ್ಷದ ನವೀಕರಣದ ದರವನ್ನು ಓದಿಯೇ ಕೊಳ್ಳಿ. ಕನ್ನಡದಲ್ಲೇ ಹೆಸರು ಬರೆದು ಡಾಟ್ ಭಾರತ ಎಂದು ಪಡೆಯುವ ಅವಕಾಶವೂ ಇದೆ. ನೋಡಲು ಚೆನ್ನಾಗಿರುತ್ತದೆ. ಆದರೆ ಹಲವು ಆ್ಯಪ್‌ಗಳು ಅದನ್ನು ವಿಳಾಸವೆಂದು ಇನ್ನೂ ಗುರುತಿಸುವುದಿಲ್ಲ. ಮುಖ್ಯ ವಿಳಾಸ ಡಾಟ್ ಇನ್ ಇರಲಿ, ಬೇಕಿದ್ದರೆ ಕನ್ನಡದ್ದನ್ನು ಅದರತ್ತ ತಿರುಗಿಸಿ.

ಡೊಮೇನ್ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ದಾವಣಗೆರೆಯಲ್ಲಿ ಅಂಗಡಿ, ಆಸ್ಪತ್ರೆ, ಅಡಿಕೆ ಮಂಡಿಗಳಿಗೆ ತಾಣ ಮಾಡಿಕೊಡುವ ನನ್ನಂಥವರ ಬಳಿ ಜನ ಪೆಚ್ಚು ಮೋರೆ ಹಾಕಿಕೊಂಡು ಬರುವುದು ಬಹುಪಾಲು ಇದೇ ಕಾರಣಕ್ಕೆ. ಹಿಂದೆ ತಾಣ ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಹೆಸರಿನಲ್ಲಿ, ತನ್ನ ಇಮೇಲಿನಲ್ಲಿ ಕೊಂಡಿರುತ್ತಾನೆ. ಆಮೇಲೆ ಅವನು ಊರು ಬಿಟ್ಟಿರುತ್ತಾನೆ, ಮೊಬೈಲ್ ಸಂಖ್ಯೆ ಬದಲಾಗಿರುತ್ತದೆ, ಒಟಿಪಿ ಯಾರಿಗೆ ಹೋಗುತ್ತದೆಂದೇ ತಿಳಿಯುವುದಿಲ್ಲ. ಬೋರ್ಡು, ಬಿಲ್ ಪುಸ್ತಕ, ಕೈಚೀಲದ ಮೇಲೆಲ್ಲ ಅಚ್ಚಾದ ವಿಳಾಸ ಬೇರೆಯವರ ಪಾಲಾಗಿರುತ್ತದೆ. ನಿಮಗೆ ಈ ತೊಂದರೆ ಇನ್ನೊಂದು ದಾರಿಯಿಂದ ಬರಬಹುದು. ಡೊಮೇನ್ ಖಾತೆಗೆ ಕಂಪನಿಯ ಇಮೇಲ್ ಕೊಡಬೇಡಿ. ಕೆಲಸ ಬಿಟ್ಟ ದಿನ ಅದು ಮುಚ್ಚುತ್ತದೆ. ಅದೇ ಡೊಮೇನಿನ ಇಮೇಲನ್ನೂ ಕೊಡಬೇಡಿ. ಡೊಮೇನ್ ಅವಧಿ ಮುಗಿದರೆ ಎಚ್ಚರಿಕೆಯ ಪತ್ರ ಬರಬೇಕಾದ ಪೆಟ್ಟಿಗೆಯೂ ಅದರ ಜೊತೆಗೇ ಹೋಗುತ್ತದೆ.

ತಾನಾಗಿಯೇ ನವೀಕರಣವಾಗುತ್ತದೆ ಎಂದೂ ನಂಬಿ ಕೂರಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕಾರ್ಡಿನಿಂದ ಮರುಕಳಿಸುವ ಪಾವತಿಗೆ ಮೊದಲೇ ಇ-ಮ್ಯಾಂಡೇಟ್ ಒಪ್ಪಿಗೆ ಇರಬೇಕು. ಆ ಏರ್ಪಾಡಿಲ್ಲದ, ಡೊಮೇನ್ ಮಾರುವ ಹೊರದೇಶದ ರಿಜಿಸ್ಟ್ರಾರ್‌ಗಳಲ್ಲಿ ನಮ್ಮ ಕಾರ್ಡು ಸದ್ದಿಲ್ಲದೆ ತಿರಸ್ಕೃತವಾಗುತ್ತದೆ. ಡೊಮೇನನ್ನು ಗರಿಷ್ಠ 10 ವರ್ಷಗಳವರೆಗೆ ಮುಂಗಡವಾಗಿ ಕೊಳ್ಳಬಹುದು. ಕೈಲಾದರೆ ಐದು ವರ್ಷಕ್ಕೆ ಒಟ್ಟಿಗೇ ಕಟ್ಟಿಬಿಡಿ, ಮುಗಿಯುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲೂ ಬರೆಯಿರಿ.

ತಾಣದ ಫೈಲುಗಳನ್ನು ಇಡುವ ಜಾಗಕ್ಕೆ (ಹೋಸ್ಟಿಂಗ್) ಹಣ ಬೇಕಿಲ್ಲ. ನೀವು ಬಲ್ಲ ಗಿಟ್‌ಹಬ್ ಪೇಜಸ್ ಸಾಕು. ತಾಣದ ಗಾತ್ರ 1 ಜಿಬಿ ಮೀರಬಾರದು, ತಿಂಗಳಿಗೆ ಸುಮಾರು 100 ಜಿಬಿ ಡೇಟಾ ಹರಿಯಬಹುದು. ಬರಹದ ತಾಣಕ್ಕೆ ಇದು ಬೇಕಾದಷ್ಟಾಯಿತು. ಎಚ್‌ಟಿಟಿಪಿಎಸ್ ಬೀಗವೂ ಲೆಟ್ಸ್ ಎನ್‌ಕ್ರಿಪ್ಟ್ ಕೃಪೆಯಿಂದ ಉಚಿತ. ಒಂದು ಎಚ್ಚರ: ಉಚಿತ ಖಾತೆಯಲ್ಲಿ ಪೇಜಸ್ ಬಳಸಬೇಕಾದರೆ ರೆಪಾಸಿಟರಿ, ಅಂದರೆ ಫೈಲುಗಳ ಕಣಜ, ಎಲ್ಲರಿಗೂ ಕಾಣುವಂತಿರಬೇಕು, ಆದ್ದರಿಂದ ಅರ್ಧ ಬರೆದ ಕರಡುಗಳನ್ನು ಅಲ್ಲಿಡಬೇಡಿ. ಇದನ್ನೂ ನಾಳೆ ಮುಚ್ಚಬಹುದಲ್ಲ ಎಂದರೆ, ಮುಚ್ಚಲಿ. ಡೊಮೇನ್ ನಿಮ್ಮದು, ಫೋಲ್ಡರ್ ನಿಮ್ಮ ಬಳಿ ಇದೆ. ಒಂದು ಮಧ್ಯಾಹ್ನದಲ್ಲಿ ಬೇರೆಡೆಗೆ ಎತ್ತಿಕೊಂಡು ಹೋಗಬಹುದು. ಇದೇ ಕಾರಣಕ್ಕೆ ಡೊಮೇನ್ ಕೊಂಡ ಕಡೆಯಲ್ಲೇ ಹೋಸ್ಟಿಂಗ್ ಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಕಟ್ಟುವುದು ಹೇಗೆ? ಸಾದಾ ಎಚ್‌ಟಿಎಂಎಲ್, ಒಂದು ಸಿಎಸ್‌ಎಸ್ ಫೈಲ್. ಪುಟಗಳು ನಲವತ್ತು ದಾಟಿದ ಮೇಲೆ ಬೇಕಿದ್ದರೆ ಹ್ಯೂಗೋದಂಥ ಒಂದು ಜನರೇಟರ್. ಅದು ಒಂದೇ ಫೈಲಿನ ತಂತ್ರಾಂಶ. ಇಂದು ಇಳಿಸಿಕೊಂಡ ಪ್ರತಿಯನ್ನು ಹಾಗೆಯೇ ಎತ್ತಿಟ್ಟರೆ ಐದು ವರ್ಷದ ಮೇಲೂ ಅದೇ ಪುಟಗಳನ್ನು ಅದೇ ರೀತಿ ಕಟ್ಟಿಕೊಡುತ್ತದೆ. ನೂರಾರು ಎನ್‌ಪಿಎಂ ಪ್ಯಾಕೇಜುಗಳ, ಅಂದರೆ ಬೇರೆಯವರು ಬರೆದಿಟ್ಟ ಕೋಡ್ ತುಣುಕುಗಳ ಮೇಲೆ ನಿಂತ ತಾಣದ ಬಗ್ಗೆ ಈ ಮಾತು ಹೇಳಲಾಗದು. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಸಾವಿರಾರು ಯೋಜನೆಗಳ ಬಿಲ್ಡ್ ಮುರಿದುಬಿತ್ತು. ಕಚೇರಿಯಲ್ಲಿ ಹಾಗಾದರೆ ಸರಿಪಡಿಸಲು ಸಂಬಳ ಪಡೆಯುವವರಿದ್ದಾರೆ. ಮನೆಯ ತಾಣಕ್ಕೆ ಭಾನುವಾರದ ನೀವೊಬ್ಬರೇ. ವರ್ಡ್‌ಪ್ರೆಸ್ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ಅಂಗಡಿಯವರಿಗೆ ನಾನೇ ಅದರಲ್ಲಿ ಮಾಡಿಕೊಡುತ್ತೇನೆ, ಆದರೆ ವರ್ಷದ ನಿರ್ವಹಣೆಗೆ ಹಣ ಪಡೆದು. ಪ್ಲಗಿನ್‌ಗಳನ್ನು ತಿಂಗಳುಗಟ್ಟಲೆ ಅಪ್‌ಡೇಟ್ ಮಾಡದೆ ಬಿಟ್ಟರೆ ಒಂದು ಬೆಳಿಗ್ಗೆ ನಿಮ್ಮ ತಾಣದಲ್ಲಿ ಜೂಜಿನ ಜಾಹೀರಾತು ಕಾಣಿಸುತ್ತದೆ.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗ: ತಂದೆಯವರ ನುಡಿ ಫೈಲುಗಳು.

ಮೊದಲು ಸಿ.ಡಿ.ಗಳನ್ನು ಇವತ್ತೇ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಅವುಗಳ ಲೇಪನ ಹಾಳಾಗುತ್ತಲೇ ಇರುತ್ತದೆ, ಡ್ರೈವ್ ಇರುವ ಕಂಪ್ಯೂಟರ್ ಸಿಗುವುದೂ ಕಷ್ಟವಾಗುತ್ತಿದೆ. ಫೈಲುಗಳು ವರ್ಡ್‌ನಲ್ಲಿದ್ದರೆ ಸುಲಭ. ಪೇಜ್‌ಮೇಕರಿನಲ್ಲಿದ್ದರೆ ಊರಿನ ಹಳೆಯ ಡಿಟಿಪಿ ಅಂಗಡಿಯೊಂದಕ್ಕೆ ಹೋಗಿ ಕೇಳಿ. ಆ ತಂತ್ರಾಂಶ ಇನ್ನೂ ಓಡುವ ಕಂಪ್ಯೂಟರ್ ಅಂಥಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಪಠ್ಯವನ್ನು ಹೊರತೆಗೆದುಕೊಟ್ಟರೆ ಸಾಕು ಎನ್ನಿ.

ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುವುದು ಇದಕ್ಕೇ. ಬ್ರೌಸರಿಗೂ ಹುಡುಕುಯಂತ್ರಕ್ಕೂ ಬೇಕಾದದ್ದು ಪ್ರತಿ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡ್. ಪರಿವರ್ತಿಸುವ ಸೌಲಭ್ಯ ನುಡಿಯಲ್ಲೂ ‘ಬರಹ’ ತಂತ್ರಾಂಶದಲ್ಲೂ ಇದೆ. ಆದರೆ ಪರಿವರ್ತನೆ ಎಂದರೆ ಒಂದು ಸಂಕೇತದ ಬದಲು ಇನ್ನೊಂದನ್ನು ಇಡುವುದಷ್ಟೇ ಅಲ್ಲ. ‘ದುರ್ಗ’ ಎಂಬುದನ್ನೇ ನೋಡಿ. ನುಡಿಯ ಹಳೆಯ ಕ್ರಮ ಕಣ್ಣಿಗೆ ಕಾಣುವ ಸಾಲಿನದು: ದು, ಆಮೇಲೆ ಗ, ಕೊನೆಯಲ್ಲಿ ಅರ್ಕಾವತ್ತು. ಯೂನಿಕೋಡ್ ಕ್ರಮ ಉಚ್ಚಾರದ್ದು: ದು, ರ, ಹಲಂತ, ಗ. ‘ಕಟ್ಟೆ’ಯಲ್ಲಿ ಹಳೆಯ ಕ್ರಮ ಟೆ ಬರೆದು ಒತ್ತು ಕೊಟ್ಟರೆ, ಯೂನಿಕೋಡ್ ಟ, ಹಲಂತ, ಟ ಬರೆದು ಎತ್ವವನ್ನು ಕೊನೆಗೆ ಇಡುತ್ತದೆ. ಈ ಹಿಂದುಮುಂದು ಮಾಡುವಾಗಲೇ ಪರಿವರ್ತಕಗಳು ಎಡವುವುದು. ದೀರ್ಘದ ಗುರುತು ಹಳೆಯ ಕ್ರಮದಲ್ಲಿ ಪ್ರತ್ಯೇಕವಾಗಿರುತ್ತದೆ. ಅದು ಬಿಟ್ಟುಹೋದರೆ ‘ಕೋಟೆ’ ‘ಕೊಟೆ’ಯಾಗುತ್ತದೆ. ಲೇಖನದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ನುಡಿಯೆಂದು ತಿಳಿದು ಏನೋ ಒಂದು ಮಾಡಿಟ್ಟಿರುತ್ತದೆ.

ಹೀಗಾಗಿ ಪ್ರತಿ ಲೇಖನವನ್ನೂ ತಂದೆಯವರ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಿ. ಕಾಗುಣಿತಕ್ಕಿಂತ ಹೆಸರು, ಇಸವಿಗಳ ಮೇಲೆ ಹೆಚ್ಚು ಕಣ್ಣಿಡಿ. ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಉತ್ಖನನ ಮಾಡಿದ್ದು 1947ರಲ್ಲಿ. ಅದರಲ್ಲಿ ಒಂದು ಅಂಕಿ ತಪ್ಪಿದರೂ ಆ ಪುಟವನ್ನು ನಂಬಿ ಪರೀಕ್ಷೆ ಬರೆದ ಮಕ್ಕಳು ತಪ್ಪುತ್ತಾರೆ.

ಇನ್ನೊಂದು ಮಾತು. ಲೇಖನವನ್ನು ತಾಣಕ್ಕೆ ಹಾಕಿದ ದಿನಾಂಕದ ಜೊತೆಗೆ ಅವರು ಮೂಲತಃ ಬರೆದ ವರ್ಷವನ್ನೂ ತಪ್ಪದೆ ನಮೂದಿಸಿ. ನಮ್ಮ ಎರಡು ಊರುಗಳ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚಿನ ಬರಹದಲ್ಲಿ ‘ನಮ್ಮ ಜಿಲ್ಲೆಯ ದಾವಣಗೆರೆ’ ಎಂದಿದ್ದರೆ ಇಂದಿನ ಓದುಗನಿಗೆ ಗೊಂದಲವಾಗುತ್ತದೆ. ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಕೋಡಿ ಬಿದ್ದೇ ಇಲ್ಲ ಎಂದು ಅವರು ಬರೆದಿದ್ದರೆ, ಬರೆದಾಗ ಅದು ನಿಜವಾಗಿತ್ತು. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ಮೂಲವನ್ನು ತಿದ್ದಬೇಡಿ. ಕೆಳಗೆ ನಿಮ್ಮ ಹೆಸರಿನಲ್ಲಿ ಒಂದು ಟಿಪ್ಪಣಿ ಸೇರಿಸಿ. ತಂದೆಯ ಬರಹ, ಮಗಳ ಟಿಪ್ಪಣಿ ಎರಡೂ ಒಂದೇ ಪುಟದಲ್ಲಿರುವ ತಾಣವನ್ನು ನಾನಂತೂ ದಿನವೂ ತೆರೆದು ನೋಡುತ್ತೇನೆ.

ಕನ್ನಡ ಸರಿಯಾಗಿ ಕಾಣುತ್ತದೆಯೇ ಎಂದು ಕೇಳಿದ್ದೀರಿ. ಇಂದಿನ ಆಂಡ್ರಾಯ್ಡ್, ಐಫೋನ್, ವಿಂಡೋಸ್ ಎಲ್ಲದರಲ್ಲೂ ಕನ್ನಡ ಫಾಂಟ್ ಇದ್ದೇ ಇದೆ, ಬೇರೆಯದನ್ನು ಹೇರುವ ಅಗತ್ಯವಿಲ್ಲ. ಬೇಕೇ ಬೇಕು ಎಂದಾದರೆ ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್ ತಂದು ನಿಮ್ಮ ಫೋಲ್ಡರಿನಲ್ಲೇ ಇಡಿ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ನಾನು ಅಕ್ಷರದ ಗಾತ್ರದ 1.7 ಪಟ್ಟು ಇಡುತ್ತೇನೆ, ಇಲ್ಲವಾದರೆ ಒತ್ತಕ್ಷರಗಳು ಕೆಳಸಾಲಿನ ತಲೆಕಟ್ಟಿಗೆ ತಾಗಿದಂತೆ ಕಾಣುತ್ತವೆ. ಅಕ್ಷರಗಳ ನಡುವಿನ ಅಂತರವನ್ನು ಮುಟ್ಟಲೇಬೇಡಿ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಕೂಡ ಬೇಡ. ನಮ್ಮ ಪದಗಳು ಉದ್ದ, ಮೊಬೈಲಿನ ಪರದೆ ಕಿರಿದು, ನಡುವೆ ಕಂದಕ ಬೀಳುತ್ತದೆ.

ಪುಟದ ಮೊದಲ ಟ್ಯಾಗಿನಲ್ಲೇ ಭಾಷೆ ಕನ್ನಡ ಎಂದು ಘೋಷಿಸಿ. ಇದನ್ನು ಬಹಳ ಜನ ಬಿಡುತ್ತಾರೆ, ಅದು ನನಗೆ ನೋವಿನ ವಿಷಯ. ಕಣ್ಣು ಕಾಣದವರು ಬಳಸುವ ಎನ್‌ವಿಡಿಎಯಂಥ ಸ್ಕ್ರೀನ್ ರೀಡರಿನಲ್ಲಿ ಇಸ್ಪೀಕ್ ಧ್ವನಿ ಕನ್ನಡವನ್ನು ಓದಬಲ್ಲದು. ಆದರೆ ಇದು ಕನ್ನಡ ಎಂದು ಪುಟವೇ ಹೇಳಬೇಕು. ನಿಮ್ಮ ತಂದೆಯ ಹಳೆಯ ಶಿಷ್ಯರಲ್ಲಿ, ಸಹೋದ್ಯೋಗಿಗಳಲ್ಲಿ ಈಗ ಕಣ್ಣು ಮಂಜಾದವರು ಇರಲೇಬೇಕಲ್ಲ.

ವಿಳಾಸಗಳಲ್ಲಿ ಮಾತ್ರ ಕನ್ನಡ ಲಿಪಿ ಬೇಡ ಎನ್ನುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ. ‘ಚಿತ್ರದುರ್ಗ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಅದು 10 ಸಂಕೇತ, ಯುಟಿಎಫ್-8ರಲ್ಲಿ 30 ಬೈಟ್. ವಿಳಾಸಪಟ್ಟಿಯಿಂದ ಅದನ್ನು ವಾಟ್ಸ್ಆ್ಯಪ್‌ಗೆ ನಕಲು ಮಾಡಿದಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆ ಹೊತ್ತ ಮೂರು ಗುರುತಾಗಿ 90 ಗುರುತುಗಳ ಬಾಲ ಬೆಳೆಯುತ್ತದೆ. ನೋಡಿದವರು ಇದೇನೋ ವೈರಸ್ ಎಂದು ಹೆದರಿ ಒತ್ತುವುದೇ ಇಲ್ಲ. ಚಿಕ್ಕ ರೋಮನ್ ಪದವೊಂದನ್ನು ಇಟ್ಟು, ಒಮ್ಮೆ ಇಟ್ಟ ಮೇಲೆ ಎಂದೂ ಬದಲಿಸಬೇಡಿ. ಕಚೇರಿಯಲ್ಲೂ ಈ ಲೆಕ್ಕ ನಿಮಗೆ ನೆರವಾಗುತ್ತದೆ: ಯಾರೋ ಬರೆದ ಕೋಡ್ ಊರಿನ ಹೆಸರನ್ನು 9 ಸಂಕೇತಕ್ಕೆ ಕತ್ತರಿಸಿದರೆ ಪರದೆಯ ಮೇಲೆ ‘ಚಿತ್ರದುರ್’ ಎಂದು ನಿಲ್ಲುತ್ತದೆ. ಇಂಗ್ಲಿಷಿನಲ್ಲೇ ಪರೀಕ್ಷಿಸುವ ತಂಡಕ್ಕೆ ಇದು ಕಾಣುವುದೇ ಇಲ್ಲ. ಅಂಥದ್ದನ್ನು ಹಿಡಿಯುವವರು ನೀವಾಗಿ.

ಚಿತ್ರಗಳ ಬಗ್ಗೆ ಎರಡೇ ಮಾತು: 1,200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಬದಲಿಸಿ, ಫೋನ್ ಫೋಟೊದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನು ಅಳಿಸಿ ಹಾಕಿ, ಮನೆಯಲ್ಲಿ ತೆಗೆದದ್ದಾದರೆ ಕಡ್ಡಾಯವಾಗಿ. ಹೊಸ ಬರಹ ಬಂದದ್ದನ್ನು ಓದುಗರ ಆ್ಯಪ್‌ಗೆ ತಿಳಿಸುವ ಆರ್‌ಎಸ್‌ಎಸ್ ಫೀಡ್ ಕೊಡಿ. ಅಂಥ ಫೀಡ್ ಓದಿಸುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿದರೂ ಫೀಡ್ ಸತ್ತಿಲ್ಲ, ನಾನು ಬೆಳಿಗ್ಗೆ ಓದುವುದೆಲ್ಲ ಅದರಲ್ಲೇ. ಪ್ರತಿ ಹೊಸ ಪುಟವನ್ನೂ ಜಾಲಪುಟಗಳ ಪ್ರತಿ ಕಾಪಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಉಳಿಸಿ.

ಉಳಿದದ್ದು ಸಂಜೆಯ ಆಯಾಸ. ಬೆಳಿಗ್ಗೆ ತಂಡದ ಸಭೆ, ಆಮೇಲೆ ಟಿಕೆಟ್‌ಗಳು, ಇನ್ನೊಬ್ಬರ ಕೋಡ್ ಓದಿ ಟಿಪ್ಪಣಿ ಬರೆಯುವುದು, ‘ನನ್ನ ಫೋನಿನಲ್ಲಿ ಬಟನ್ ಕಾಣುತ್ತಿಲ್ಲ’ ಎಂಬ ಒಂದು ಸಾಲಿನ ದೂರಿನ ಬೆನ್ನು ಹತ್ತಿ ಮಧ್ಯಾಹ್ನ ಕಳೆಯುವುದು, ನಡುವೆ ಕರೆಂಟ್ ಹೋಗಿ ಯುಪಿಎಸ್ ಕಿರುಚುವುದು. ಇಷ್ಟಾದ ಮೇಲೆ ತಲೆ ಒಪ್ಪದಿದ್ದರೆ ಅದು ಸಹಜ. ಆಗ ಒತ್ತಾಯ ಬೇಡ. ಬರೆಯುವುದಕ್ಕೂ ಕೋಡಿಗೂ ಸಂಬಂಧವೇ ಇಲ್ಲದಂತೆ ಮಾಡಿಕೊಳ್ಳಿ. ಬರಹ ನೋಟ್‌ಬುಕ್ಕಿನಲ್ಲೋ ಫೋನಿನಲ್ಲೋ ಆಗಲಿ, ಸಭೆಗೆ ಮುಂಚಿನ ಅರ್ಧ ಗಂಟೆಯಲ್ಲಿ, ಲ್ಯಾಪ್‌ಟಾಪ್ ತೆರೆಯದೆ. ಪುಟ ಏರಿಸುವ ಕೆಲಸ ವಾರದ ಒಂದು ದಿನಕ್ಕೆ. ಆ ದಿನ ಬಣ್ಣ, ವಿನ್ಯಾಸ ಮುಟ್ಟುವುದಿಲ್ಲ ಎಂದು ನಿಯಮ ಹಾಕಿಕೊಳ್ಳಿ. ವಿನ್ಯಾಸ ತಿದ್ದುವ ಚಟ ಡೆವಲಪರುಗಳ ಎಷ್ಟೋ ಬರಹಗಳನ್ನು ನುಂಗಿದೆ. ಎಷ್ಟು ಜನ ನೋಡಿದರು ಎಂದು ಎಣಿಸುವ ತಂತ್ರಾಂಶವನ್ನೂ ಹಾಕಬೇಡಿ. ಮೊದಲ ವರ್ಷ ಆ ಸಂಖ್ಯೆ ಬೇಸರವನ್ನಲ್ಲದೆ ಬೇರೇನನ್ನೂ ಕೊಡುವುದಿಲ್ಲ. ಪುಟದ ಕೊನೆಯಲ್ಲಿ ಒಂದು ಇಮೇಲ್ ವಿಳಾಸ ಇಡಿ. ಕೋಟೆಯ ಲೇಖನ ಓದಿದವರಿಂದ ಪತ್ರ ಬಂದೇ ಬರುತ್ತದೆ.

ಕಂಪನಿಯ ವಿಷಯ. ಕೆಲಸಕ್ಕೆ ಸೇರುವಾಗ ಸಹಿ ಮಾಡಿದ ಒಪ್ಪಂದವನ್ನು ತೆಗೆದು ಎರಡು ಕಲಮುಗಳನ್ನು ಓದಿ: ಬೌದ್ಧಿಕ ಆಸ್ತಿಯದು ಮತ್ತು ಹೊರಗಿನ ಕೆಲಸದ್ದು. ಕೆಲವು ಒಪ್ಪಂದಗಳಲ್ಲಿ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಅಥವಾ ಕೆಲಸದ ವೇಳೆಯಲ್ಲಿ ತಯಾರಿಸಿದ್ದೆಲ್ಲ ಕಂಪನಿಯದು ಎಂದಿರುತ್ತದೆ. ಹಾಗಾಗಿ ತಾಣದ ಕೆಲಸಕ್ಕೆ ಹಳೆಯದಾದರೂ ಸರಿ, ಸ್ವಂತ ಕಂಪ್ಯೂಟರ್ ಬಳಸಿ; ಸಾದಾ ಎಚ್‌ಟಿಎಂಎಲ್‌ಗೆ ಹತ್ತು ವರ್ಷದ ಹಿಂದಿನದೂ ಸಾಕು. ಕಚೇರಿಯ ಕೋಡ್, ಗ್ರಾಹಕರ ಹೆಸರು, ಒಳಗಿನ ಪರದೆಗಳ ಚಿತ್ರ ಯಾವುದೂ ತಾಣದಲ್ಲಿ ಬರಬಾರದು. ಅನುಮಾನವಿದ್ದರೆ ಮಾನವ ಸಂಪನ್ಮೂಲ ವಿಭಾಗಕ್ಕೆ ಚಿಕ್ಕ ಇಮೇಲ್ ಬರೆಯಿರಿ: ಲಾಭದ ಉದ್ದೇಶವಿಲ್ಲದ ವೈಯಕ್ತಿಕ ತಾಣ, ಸ್ವಂತ ಸಮಯ, ಸ್ವಂತ ಉಪಕರಣ, ವಿಷಯ ಸ್ಥಳೀಯ ಇತಿಹಾಸ. ಇಂಥದ್ದಕ್ಕೆ ಬೇಡ ಎನ್ನುವ ಕಂಪನಿ ಅಪರೂಪ. ಒಪ್ಪಿಗೆಯ ಉತ್ತರ ಬಂದರೆ ಅದರ ಒಂದು ಪ್ರತಿಯನ್ನು ಮುದ್ರಿಸಿ ನೇಮಕಾತಿ ಪತ್ರದ ಜೊತೆಗೇ ಇಟ್ಟುಕೊಳ್ಳಿ.